ಮಕ್ಕಳ ದಿನಾಚರಣೆಯ ವಾರ ಸುಧಾರಿಸುವುದು ಹೇಗೆ?

ನವೆಂಬರ್ 14ರ ಆಸುಪಾಸು ನಮ್ಮ ಶಾಲೆಯಲ್ಲಿ ಎಲ್ಲ ಒಟ್ಟಿಗೇ ಬರುತ್ತವೆ: ಪ್ರತಿಭಾ ಕಾರಂಜಿ, ಪ್ರವಾಸ, ಮಕ್ಕಳ ದಿನಾಚರಣೆ. ನಾನು ಮೊದಲು ಸ್ಟಾಫ್ ರೂಮಿನ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾವ ದಿನ ಯಾವ ಮಗು ಎಲ್ಲಿರುತ್ತದೆ ಅಂತ ಬರೆಯುತ್ತೇನೆ. ಕಂಠಪಾಠಕ್ಕೂ ಜಾನಪದ ಗೀತೆಗೂ ಒಂದೇ ಹುಡುಗಿಯ ಹೆಸರಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಪ್ರವಾಸದ ದಿನ ಊಟಕ್ಕೆ ಎಷ್ಟು ಮಕ್ಕಳು ಅಂತ ಬಿಸಿಯೂಟದ ಅಕ್ಕಂದಿರಿಗೆ ಹಿಂದಿನ ದಿನವೇ ಹೇಳಿ. ಇಲ್ಲದಿದ್ದರೆ ಅನ್ನ ಸುಮ್ನೆ ದಂಡ.

ಪ್ರವಾಸಕ್ಕೆ ನನ್ನ ಆಯ್ಕೆ ಬೇಲೂರು, ಹಳೇಬೀಡು. ನಡುವೆ ಸುಮಾರು 16 ಕಿ.ಮೀ. ಅಷ್ಟೇ. ಶ್ರವಣಬೆಳಗೊಳವನ್ನೂ ಅದೇ ದಿನ ತುರುಕಬೇಡಿ. ಅಲ್ಲಿನ ವಿಂಧ್ಯಗಿರಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು, ಮಧ್ಯಾಹ್ನ ಬಂಡೆ ಕಾದಿರುತ್ತದೆ. ಬೇಲೂರಿನ ಅಂಗಳವೂ ಸುಡುತ್ತದೆ, ಕಾಲುಚೀಲ ತರಲು ಹೇಳಿ. ಬೇಲೂರು ದೇವಸ್ಥಾನದ ಇಸವಿ 1117 ಅಂತ ಬಾಯಿಪಾಠ ಮಾಡಿಸುವ ಬದಲು ಅಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿಯ ಶಿಲ್ಪವನ್ನು ಹುಡುಕಲು ಬಿಡಿ. ಹಳೇಬೀಡಿನಲ್ಲಿ ದೇವಸ್ಥಾನದ ಗೋಡೆಯ ಆನೆಸಾಲು ಎಣಿಸಲಿ. ಗಲಾಟೆ ತಾನಾಗೇ ಕಮ್ಮಿಯಾಗುತ್ತದೆ! ವಾಂತಿ ಮಾಡುವವರಿಗೆ ಮುಂದಿನ ಸೀಟು, ಕೈಗೊಂದು ಕವರ್. ಇಳಿದಲ್ಲೆಲ್ಲ, ಹತ್ತಿದಲ್ಲೆಲ್ಲ ತಲೆ ಎಣಿಸಿ.

ಮರುದಿನ ಬೆಳಗ್ಗೆ ಡ್ಯಾನ್ಸ್ ಪ್ರಾಕ್ಟೀಸ್ ಬೇಡ, ಮಕ್ಕಳು ತೂಕಡಿಸುತ್ತಿರುತ್ತಾರೆ. ನಾವೂ ಅಷ್ಟೇ, ಅಲ್ವಾ?

14ಕ್ಕೆ ಭಾಷಣ ಎರಡೇ ಸಾಕು. ಮೈಕ್ ಸೆಟ್‌ನವರಿಗೆ ಮಾತ್ರ ಬೇಗ ಮುಂಗಡ ಕೊಟ್ಟುಬಿಡಿ. ಅವತ್ತು ಸುತ್ತಲಿನ ಎಲ್ಲ ಶಾಲೆಗೂ ಅವರೇ ಬೇಕು.