ಚಾಪ್ಲಿನ್ ಬಗ್ಗೆ ಮಾತಾಡುವಾಗ ಲೀಟಾಳಿಂದ ಶುರು ಮಾಡುತ್ತೇನೆ

ಕನ್ನಡದಲ್ಲಿ ಚಾರ್ಲಿ ಚಾಪ್ಲಿನ್ ಜೀವನಚರಿತ್ರೆ ಬರೆದ ಮೇಲೆ ಗ್ರಂಥಾಲಯ, ಕಾಲೇಜುಗಳವರು ಮಾತಾಡಲು ಕರೆಯುತ್ತಿರುತ್ತಾರೆ. ಬಂದು ಕೂರುವವರಲ್ಲಿ ಹೆಚ್ಚಿನವರು ಅವನನ್ನು ನೋಡಿ ನಕ್ಕು ಬೆಳೆದವರು. ಲಂಡನ್ನಿನ ಬಡತನ, ಹುಚ್ಚಾಸ್ಪತ್ರೆ ಸೇರಿದ ತಾಯಿ, 1931ರಲ್ಲಿ ಗಾಂಧೀಜಿಯ ಭೇಟಿ ಇವೆಲ್ಲ ಅವರಿಗೆ ಗೊತ್ತು. ಹಾಗಾಗಿ ಅವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ಉಳಿದ ಹೊತ್ತೆಲ್ಲ ಪುಸ್ತಕದಲ್ಲಿ ನನಗೆ ಬರೆಯಲು ಅತಿ ಕಷ್ಟವಾದ ಎರಡು ಅಧ್ಯಾಯಗಳಿಗೆ ಮೀಸಲು.

ಮೊದಲು ಪ್ರೊಜೆಕ್ಟರಿನಲ್ಲಿ 1921ರ ‘ದಿ ಕಿಡ್’ ಚಿತ್ರದ ಕನಸಿನ ದೃಶ್ಯ ಹಾಕುತ್ತೇನೆ. ರೆಕ್ಕೆ ಕಟ್ಟಿಕೊಂಡ ಜನ ಬೀದಿಯಲ್ಲೇ ಹಾರಾಡುತ್ತಾರೆ, ಸಭೆ ನಗುತ್ತದೆ. ಚಾಪ್ಲಿನ್ ಆಡುವ ಅಲೆಮಾರಿಯನ್ನು ಕಣ್ಣಲ್ಲೇ ಕರೆಯುವ ಒಬ್ಬ ಪುಟ್ಟ ದೇವತೆ ಬಂದಾಗ ಚಿತ್ರ ನಿಲ್ಲಿಸುತ್ತೇನೆ. ಅವಳು ಲೀಟಾ ಗ್ರೇ, ಆಗ 12 ವರ್ಷ. ಮುಂದೆ ‘ದಿ ಗೋಲ್ಡ್ ರಷ್’ ಚಿತ್ರಕ್ಕೆ ಚಾಪ್ಲಿನ್ ಮೊದಲು ಅವಳನ್ನೇ ನಾಯಕಿಯಾಗಿ ಆರಿಸಿದ್ದ. ಚಿತ್ರೀಕರಣದ ನಡುವೆ ಅವಳು ಬಸಿರಾದಳು. 1924ರ ನವೆಂಬರಿನಲ್ಲಿ ಮೆಕ್ಸಿಕೋಗೆ ಹೋಗಿ ಮದುವೆಯಾದರು. ಅವಳಿಗೆ 16, ಅವನಿಗೆ 35. ಮೂರು ವರ್ಷ ತುಂಬುವ ಮೊದಲೇ ವಿಚ್ಛೇದನವಾಯಿತು. ಇದಕ್ಕೆ ನಾನು ಒಂದೂ ವಿಶೇಷಣ ಸೇರಿಸುವುದಿಲ್ಲ. ವಯಸ್ಸು, ಇಸವಿ ಹೇಳಿ ಸುಮ್ಮನಾಗುತ್ತೇನೆ. 1964ರ ಆತ್ಮಕಥೆಯಲ್ಲಿ ಚಾಪ್ಲಿನ್ ಈ ಮದುವೆಯ ವಿವರಕ್ಕೆ ಹೋಗದೆ ನಾಲ್ಕು ಮಾತಿನಲ್ಲಿ ದಾಟಿಬಿಟ್ಟ ಎಂಬುದನ್ನೂ ಹೇಳುತ್ತೇನೆ. ಬದುಕಿನ ಇಷ್ಟು ದೊಡ್ಡ ಸಂಗತಿಯನ್ನು ಅವನೇ ಬಿಟ್ಟಿರುವಾಗ ಅದನ್ನು ತುಂಬುವ ಹೊಣೆ ಜೀವನಚರಿತ್ರೆ ಬರೆಯುವವರದು.

ಆಮೇಲೆ ನಟಿಯಾಗಲು ಹೊರಟಿದ್ದ ಜೋನ್ ಬ್ಯಾರಿ ಎಂಬಾಕೆಯ ಪ್ರಕರಣ. ಇಲ್ಲಿ ಬೋರ್ಡು, ಚಾಕ್‌ಪೀಸು ಬೇಕೇ ಬೇಕು. ಬ್ಯಾರಿಯ ಜೊತೆ ಸಂಬಂಧವಿದ್ದದ್ದು ನಿಜ. 1943ರಲ್ಲಿ ಹುಟ್ಟಿದ ಮಗು ಅವನದೇ ಎಂದು ದಾವೆ ಬಿತ್ತು. ಬೋರ್ಡಿನ ಮೇಲೆ ಮೂರು ರಕ್ತದ ಗುಂಪು ಬರೆಯುತ್ತೇನೆ: ತಾಯಿ ಎ, ಮಗು ಬಿ, ಚಾಪ್ಲಿನ್ ಓ. ಒಂದು ಕಾಲೇಜಿನಲ್ಲಿ ನಾನು ಚಾಕ್‌ಪೀಸು ಕೆಳಗಿಡುವ ಮೊದಲೇ ಬಯಾಲಜಿ ಮೇಡಂ ಎದ್ದು, “ಸಾಧ್ಯವೇ ಇಲ್ಲ ಸಾರ್, ಮಗುವಿಗೆ ಬಿ ಅಪ್ಪನಿಂದಲೇ ಬರಬೇಕು” ಎಂದರು. ಅಷ್ಟು ಸರಳ. ಆದರೆ ಆಗ ಕ್ಯಾಲಿಫೋರ್ನಿಯಾದಲ್ಲಿ ರಕ್ತಪರೀಕ್ಷೆಯೇ ಅಂತಿಮ ಸಾಕ್ಷಿಯಾಗಿರಲಿಲ್ಲ. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 1945ರ ಎರಡನೆಯದರಲ್ಲಿ ಅವನನ್ನೇ ತಂದೆ ಎಂದಿತು. ಮಗುವಿಗೆ 21 ತುಂಬುವವರೆಗೆ ಜೀವನಾಂಶ ಕೊಡಬೇಕಾಯಿತು. ಅದಕ್ಕೂ ಮೊದಲು, 1944ರಲ್ಲಿ, ಸರ್ಕಾರ ಮಾನ್ ಕಾಯ್ದೆಯಡಿ (ಅನೈತಿಕ ಉದ್ದೇಶಕ್ಕೆ ಹೆಂಗಸರನ್ನು ರಾಜ್ಯದ ಗಡಿ ದಾಟಿಸುವುದನ್ನು ತಡೆಯುವ ಕಾನೂನು) ಹೂಡಿದ್ದ ಮೊಕದ್ದಮೆಯಲ್ಲಿ ಅವನು ನಿರ್ದೋಷಿಯಾಗಿದ್ದ. ಅವನ ರಾಜಕೀಯ ಎಷ್ಟೋ ಜನಕ್ಕೆ ಹಿಡಿಸಿರಲಿಲ್ಲ. 1952ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ ಬೆನ್ನಿಗೇ ಅಮೆರಿಕ ಅವನ ಮರುಪ್ರವೇಶದ ಅನುಮತಿ ರದ್ದು ಮಾಡಿತು.

ಈ ಅನುಕ್ರಮ ಬೇಕೆಂದೇ ಇಟ್ಟದ್ದು. ಬ್ಯಾರಿ ಮೊದಲು ಬಂದರೆ ಜನರ ಮನಸ್ಸಿನಲ್ಲಿ ಚಾಪ್ಲಿನ್ ಅನ್ಯಾಯಕ್ಕೊಳಗಾದವನಾಗಿ ನಿಂತುಬಿಡುತ್ತಾನೆ. ಆಮೇಲೆ ಲೀಟಾಳ ಬಗ್ಗೆ ಏನು ಹೇಳಿದರೂ ಅದೂ ಅಪಪ್ರಚಾರವೇ ಅನ್ನಿಸುತ್ತದೆ. ಅವನಿಗಾದ ಅನ್ಯಾಯವನ್ನು ತೋರಿಸಿ, ಅವನಿಂದ ಒಬ್ಬ ಹುಡುಗಿಗೆ ಆದದ್ದನ್ನು ವಜಾ ಮಾಡಲು ಬರುವುದಿಲ್ಲ. 1972ರಲ್ಲಿ ಆಸ್ಕರ್ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆದದ್ದನ್ನು ಕೊನೆಗಿಡುವುದಿಲ್ಲ. ಅದು ಕೊನೆಗೆ ಬಂದರೆ ಎಲ್ಲ ಲೆಕ್ಕವೂ ಚುಕ್ತಾ ಆದಂತೆ ಜನ ಎದ್ದು ಹೋಗುತ್ತಾರೆ.

ಕರಾವಳಿಯಲ್ಲಿ ಮಾತಾಡುವಾಗ ಒಂದು ಪ್ರಸಂಗ ತಪ್ಪದೆ ಬರುತ್ತದೆ. 2009ರಲ್ಲಿ ಬೈಂದೂರಿನ ಬಳಿ ಸಿನಿಮಾ ಹಾಡಿಗೆಂದು ಚಾಪ್ಲಿನ್‌ನ ಭಾರೀ ಪ್ರತಿಮೆ ನಿಲ್ಲಿಸಲು ಹೊರಟಾಗ, ಅವನು ಕ್ರೈಸ್ತನೆಂದು ವಿರೋಧ ಬಂತು. ಅವನ ಬಗ್ಗೆ ಕೇಳಬೇಕಾದ ಪ್ರಶ್ನೆ ಇಷ್ಟೆಲ್ಲ ಇರುವಾಗ ನಾವು ಕೇಳಿದ್ದು ಧರ್ಮದ್ದು ಎಂಬುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸುತ್ತೇನೆ. ಎದ್ದು ಕೇಳಲು ಸಂಕೋಚಪಡುವ ಹುಡುಗಿಯರು ಚೀಟಿಯಲ್ಲಿ ನೇರವಾಗಿ ಕೇಳುತ್ತಾರೆ. “ಲೀಟಾ ಬರೆದದ್ದೆಲ್ಲ ನಿಜವಾ?” ಎಂಬುದು ಮತ್ತೆ ಮತ್ತೆ ಬರುವ ಚೀಟಿ. ಆಕೆಯ ಹೆಸರಿನಲ್ಲಿ ಎರಡು ಪುಸ್ತಕಗಳಿವೆ. 1966ರದ್ದರಲ್ಲಿ ಬರಹಕ್ಕೆ ನೆರವಾದವರು ಸಾಕಷ್ಟು ಉಪ್ಪು ಖಾರ ಹಚ್ಚಿದ್ದರೆಂದು ಆಕೆಯೇ ಮುಂದೆ ಹೇಳಿದಳು. ಆಕೆ 1995ರಲ್ಲಿ ತೀರಿಕೊಂಡ ಮೇಲೆ, 1998ರಲ್ಲಿ ಬಂದ ಎರಡನೆಯದು ಹೆಚ್ಚು ಸಮಾಧಾನದ ದನಿಯದ್ದು. ನಾನು ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಿ, ಎರಡರಲ್ಲೂ ಒಂದೇ ಥರ ಇರುವುದನ್ನಷ್ಟೇ ನನ್ನ ಪುಸ್ತಕಕ್ಕೆ ತೆಗೆದುಕೊಂಡೆ. ಮದುವೆಯ ದಿನ ಅವಳಿಗೆ ಎಷ್ಟು ವಯಸ್ಸು ಎಂಬುದಕ್ಕೆ ಈ ಎರಡೂ ಪುಸ್ತಕ ಬೇಕಿಲ್ಲ ಎಂದೂ ಆ ಚೀಟಿಗೆ ಉತ್ತರ ಕೊಡುತ್ತೇನೆ.