ಕರೆಂಟ್ ಹೋದಾಗ ಕೈಗೊಂದು ಪುಟಾಣಿ ಟಿವಿ, ಹ್ಯೂಸ್ಟನ್‌ನಲ್ಲಿರೋರಿಗೆ

2024ರ ಜುಲೈ 8ಕ್ಕೆ ಬೆರಿಲ್ ಚಂಡಮಾರುತ ಬಡಿದು ಈ ಕಡೆ 22 ಲಕ್ಷಕ್ಕೂ ಜಾಸ್ತಿ ಕನೆಕ್ಷನ್‌ಗೆ ಕರೆಂಟ್ ಹೋಯ್ತಲ್ಲ, ಅವತ್ತು ನಮ್ಮನೇಲಿ ವೈಫೈ ಇಲ್ಲ, ಫೋನಲ್ಲಿ ಒಂದೇ ಕಡ್ಡಿ ಸಿಗ್ನಲ್, ಊರಿಂದ ಅತ್ತೆ "ಹೇಗಿದೀರಾ" ಅಂತ ಕಳ್ಸಿದ್ದು ಬಂದು ತಲುಪಕ್ಕೆ ಮಧ್ಯಾಹ್ನ ಆಯ್ತು. ಗ್ಯಾರೇಜಲ್ಲಿ 9 ಇಂಚಿನ ಪೋರ್ಟಬಲ್ ಟಿವಿ ಇದೆಯಲ್ಲ, ಬ್ಯಾಟರೀಲಿ ಓಡತ್ತೆ, ಇಂಟರ್ನೆಟ್ ಇಲ್ದೇನೂ ಆಂಟೆನಾದಲ್ಲೇ ಚಾನೆಲ್ ಹಿಡಿಯತ್ತೆ ಅಂತ ಖುಷೀಲಿ ಆನ್ ಮಾಡಿದ್ರೆ ಒಂದೂ ಚಾನೆಲ್ ಇಲ್ಲ, ತಂದಾಗಿಂದ ಸ್ಕ್ಯಾನೇ (ಚಾನೆಲ್ ಹುಡುಕಿ ಸೇವ್ ಮಾಡೋದು) ಮಾಡಿರ್ಲಿಲ್ಲ ನಾನು, ಮಾಡಕ್ಕೆ ಹೊರಟ್ರೆ ಅರ್ಧದಲ್ಲಿ ಬ್ಯಾಟರಿ ಢಮಾರ್. ಆ ಪೆದ್ದತನ ನೀವು ಮಾಡ್ಬೇಡಿ.

ತಗೊಳೋವಾಗ ಒಂದೇ ನೋಡಿ, ಡಬ್ಬದ ಮೇಲೆ ಎಟಿಎಸ್‌ಸಿ ಅಂತ ಇರ್ಬೇಕು, ಅದು ಅಮೆರಿಕದ ಡಿಜಿಟಲ್ ಟಿವಿ ಪದ್ಧತಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋದ್ರಲ್ಲಿ ಬೇರೆ ದೇಶಗಳ ಪದ್ಧತಿಯ ಡಿವಿಬಿ-ಟಿ2, ಐಎಸ್‌ಡಿಬಿ-ಟಿ ಸೆಟ್‌ಗಳೂ ಇರ್ತವೆ, ಅವು ಅಮೆರಿಕದಲ್ಲಿ ಬರೀ ಪೇಪರ್‌ವೇಟ್. ಗ್ಯಾರೇಜ್ ಸೇಲಲ್ಲಿ ಸಿಗೋ ಹಳೇ ಅನಲಾಗ್ ಪುಟ್ಟ ಟಿವೀನೂ ಬೇಡ, ದೊಡ್ಡ ಸ್ಟೇಷನ್‌ಗಳ ಅನಲಾಗ್ 2009ರ ಜೂನ್ 12ಕ್ಕೇ ನಿಂತೋಯ್ತು. ಅದೇ ಪದ್ಧತಿಯ ಹೊಸ ಆವೃತ್ತಿ ಎಟಿಎಸ್‌ಸಿ 3.0 ಅಂತ ಜಾಸ್ತಿ ದುಡ್ಡು ಕೊಡೋದು ಈ ಕೆಲ್ಸಕ್ಕೆ ದಂಡ ಅನ್ನೋದು ನನ್ನ ಅಭಿಪ್ರಾಯ. ಹೊರಗಿನ ಆಂಟೆನಾ ಚುಚ್ಚೋ ತೂತು ಮತ್ತೆ 12 ವೋಲ್ಟ್ ಕಾರ್ ಚಾರ್ಜರ್ ಇದ್ರೆ ಸಾಕು.

ಈಗ ಆಂಟೆನಾ. ಎಲ್ಲಾರೂ ಎಡವೋದು ಇಲ್ಲೇ, ಟಿವೀನ ಬೈತಾರೆ, ತಪ್ಪು ಆಂಟೆನಾ ಕಡ್ಡೀದು. ಸ್ಕ್ರೀನಲ್ಲಿ ಕಾಣೋ ನಂಬರ್ ಒಂದು, ನಿಜವಾಗಿ ಸಿಗ್ನಲ್ ಬರೋ ಚಾನೆಲ್ ಇನ್ನೊಂದು ಇರ್ಬೋದು. ಇಲ್ಲಿನ ಕೆಪಿಆರ್‌ಸಿ ಸ್ಟೇಷನ್ 2.1 ಅಂತ ತೋರ್ಸತ್ತೆ, ಆದ್ರೆ ಬರೋದು ಯುಎಚ್‌ಎಫ್ (ಚಿಕ್ಕ ಅಲೆ) 35ರಲ್ಲಿ, ಅದಕ್ಕೆ ಕಡ್ಡಿ 5 ಇಂಚು, ಅಂದ್ರೆ ಅರ್ಧ ಗೇಣು ಸಾಕು. ಆದ್ರೆ ನಮ್ಮೂರಲ್ಲಿ 8, 11, 13 ಮೂರೂ ನಿಜವಾಗ್ಲೂ ವಿಎಚ್‌ಎಫಲ್ಲೇ (ಉದ್ದ ಅಲೆ) ಬರ್ತವೆ, ಅದಕ್ಕೆ 14ರಿಂದ 16 ಇಂಚು ಬೇಕು, ಹತ್ರತ್ರ ಒಂದೂಮುಕ್ಕಾಲು ಗೇಣು. ಡಬ್ಬದಲ್ಲಿ ಬರೋ ಮೋಟು ಆಂಟೆನಾದಲ್ಲಿ 2 ಚೆನ್ನಾಗಿ ಬಂದು 13 ಬರಲ್ಲ ಅಂದ್ರೆ ಕಾರಣ ಇಷ್ಟೇ, ಉದ್ದ ಎಳೆಯೋ ಕಡ್ಡಿ ತಗೊಳಿ.

ಆ ಕಡ್ಡೀನ ನೆಟ್ಟಗೆ ನಿಲ್ಲಿಸೋದು ನಮ್ಮ ಅಭ್ಯಾಸ, ಆದ್ರೆ ಮೊದ್ಲು ಅಡ್ಡ ಮಲಗಿಸಿ ನೋಡಿ, ಟಿವಿ ಸಿಗ್ನಲ್ ಇಲ್ಲಿ ಹೆಚ್ಚಾಗಿ ಅಡ್ಡಡ್ಡಾನೇ ಕಳ್ಸೋದು. ಕಡ್ಡಿ ತುದಿ ಟವರ್ ಕಡೆ ತೋರಿಸ್ಬಾರ್ದು, ಅದರ ಪಕ್ಕೆ ಟವರ್ ಕಡೆ ಇರ್ಬೇಕು. ಮುಖ್ಯವಾದ ಟವರ್‌ಗಳೆಲ್ಲ ಮಿಸೌರಿ ಸಿಟಿ ಹತ್ರ ಇರೋದ್ರಿಂದ ಕೇಟಿಯೋರಿಗೆ ಆಗ್ನೇಯ, ಪೇರ್‌ಲ್ಯಾಂಡ್‌ನೋರಿಗೆ ಪಶ್ಚಿಮ, ವುಡ್‌ಲ್ಯಾಂಡ್ಸ್‌ನೋರಿಗೆ ದಕ್ಷಿಣ (ದೂರಾನೂ ಜಾಸ್ತಿ, ಮೇಲ್ಮಹಡಿಗೆ ಹೋಗಿ). ಎಫ್‌ಸಿಸಿಯ (ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ) ವೆಬ್‌ಸೈಟಿನ ಡಿಟಿವಿ ಮ್ಯಾಪಲ್ಲಿ ಅಡ್ರೆಸ್ ಹಾಕಿದ್ರೆ ದಿಕ್ಕು, ನಿಜವಾದ ಚಾನೆಲ್ ನಂಬರ್ ಎರಡೂ ಸಿಗತ್ತೆ, ಇಂಟರ್ನೆಟ್ ಇರುವಾಗ್ಲೇ ಬರ್ಕೊಳಿ. ಆ ಕಡೆ ಕಿಟಕಿ ಹತ್ರ ಇಡಿ, ಅಟ್ಟದ ಒಳಗೆ ಬೇಡ, ಟೆಕ್ಸಸ್ ಮನೆಗಳಲ್ಲಿ ಬಿಸಿಲಿಗೆ ಅಂತ ಅಂಟಿಸಿರೋ ಫಾಯಿಲ್ ಸಿಗ್ನಲ್‌ನೂ ತಡೆಯತ್ತೆ.

ಮ್ಯಾಗ್ನೆಟ್ ಬುಡದ ಆಂಟೆನಾ ಇದ್ರೆ ನಮ್ಮನೆ ಉಪಾಯ ಹೇಳ್ತೀನಿ, ನಗ್ಬೇಡಿ, ಕಬ್ಬಿಣದ ದೋಸೆ ಕಾವಲಿಗೆ ಅಂಟಿಸಿ. ಈ ಥರ ಕಡ್ಡಿಗೆ ಬುಡದಲ್ಲಿ ಅಗಲದ ಲೋಹ ಇದ್ರೆ ಕೆಲ್ಸ ಚೆನ್ನಾಗ್ ಮಾಡತ್ತೆ. ಕಾವಲೀನ ಗೋಡೆಗೆ ಒರಗಿಸಿ ನಿಲ್ಸಿದ್ರೆ ಕಡ್ಡಿ ತಾನಾಗೇ ಅಡ್ಡ ಆಗತ್ತೆ. ನಾನ್‌ಸ್ಟಿಕ್ ಅಲ್ಯೂಮಿನಿಯಂದಕ್ಕೆ ಅಂಟಲ್ಲ.

ಕಡ್ಡಿ ತಿರುಗಿಸಿದ್ಮೇಲೆ ನಾಕೈದು ಸೆಕೆಂಡ್ ಕಾಯ್ಬೇಕು. ಹಳೇ ದೂರದರ್ಶನದ ಕಾಲದಲ್ಲಿ ತಾರಸಿ ಮೇಲಿಂದ "ಬಂತಾ?" ಅಂತ ಕೂಗೋವಾಗ ಚುಕ್ಕಿ ಚುಕ್ಕಿಯಾದ್ರೂ ಏನೋ ಕಾಣ್ತಿತ್ತು, ಡಿಜಿಟಲ್‌ನಲ್ಲಿ ಹಂಗಿಲ್ಲ, ಬಂದ್ರೆ ಪೂರ್ತಿ, ಇಲ್ಲಾಂದ್ರೆ ಚೌಕ ಚೌಕ ಒಡೆದು ಕಪ್ಪು.

ಸ್ಕ್ಯಾನ್ ಮಾಡೋವಾಗ ಮೆನುವಲ್ಲಿ ಕೇಬಲ್ ಅಲ್ಲ, ಏರ್ ಅಂತ ಆರಿಸಿ. ಎಲ್ಲಾ ಚಾನೆಲ್ ಬಂತಾ, ಅಲ್ಲಿಗೆ ಬಿಡಿ. ಬಿರುಗಾಳಿ ಮಧ್ಯೆ ಮತ್ತೆ ಸ್ಕ್ಯಾನ್ ಒತ್ಬೇಡಿ, ಎಷ್ಟೋ ಸೆಟ್‌ಗಳು ಹಳೇ ಪಟ್ಟಿ ಅಳಿಸ್ಬಿಡ್ತವೆ. ಚಂಡಮಾರುತದ ಸೀಸನ್ ಜೂನ್ 1ಕ್ಕೆ ಶುರು ಆಗಿ ನವೆಂಬರ್ 30ರ ತನಕ, ಹಾಗಾಗಿ ನಾನು ಮೇ ಕೊನೇಲಿ ಒಂದ್ಸಲ ಚಾರ್ಜ್ ಮಾಡಿ, ಸ್ಕ್ಯಾನ್ ಮಾಡಿ ಇಡ್ತೀನಿ. ಕಾರಲ್ಲಿ ಚಾರ್ಜ್ ಮಾಡೋದಾದ್ರೆ ಕಾರನ್ನ ಗ್ಯಾರೇಜಿಂದ ಹೊರಗೆ ತಂದು ಮಾಡಿ, ಬಾಗಿಲು ತೆಗೆದಿದ್ರೂ ಒಳಗೆ ಇಂಜಿನ್ ಓಡಿಸ್ಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸ್ನೇನೂ ಇರಲ್ಲ.

ಹಾಂ, ಈ ಟಿವೀನ ಊರಿಗೆ ಹೋಗೋವಾಗ ಮಾವನಿಗೆ ಅಂತ ಸೂಟ್‌ಕೇಸಲ್ಲಿ ಹಾಕ್ಬೇಡಿ. ದೂರದರ್ಶನ 2016ರಲ್ಲಿ ಬೆಂಗಳೂರೂ ಸೇರಿ 16 ಊರಲ್ಲಿ ಡಿಜಿಟಲ್ ಶುರು ಮಾಡಿದ್ದು ಡಿವಿಬಿ-ಟಿ2ನಲ್ಲಿ, ಫ್ರೀ ಡಿಶ್ ಅಂತೂ ಸ್ಯಾಟಲೈಟು, ಎರಡಕ್ಕೂ ಇದು ಆಗ್ಬರಲ್ಲ. ನಾನು ಒಂದ್ಸಲ ಹೊತ್ಕೊಂಡ್ಹೋಗಿ ವಾಪಸ್ ಹೊತ್ಕೊಂಡ್ಬಂದಿದೀನಿ.