ಮಣ್ಣು ಕೊಡವಿ ಕೊಡಿ, ಗಾಯ ಒಣಗಿಸಿ ನೆಡಿ

ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿದ್ದು, ಉಳಿದ ಕಾಲವನ್ನು ಕೊಳವೆಬಾವಿಯ ಗಡಸು ನೀರಿನಲ್ಲೇ ತಳ್ಳುವ ಕೋಲಾರದ ತಾರಸಿಗಳಿಗೆ ಲೋಳೆಸರ, ಅಡೇನಿಯಂ, ಜೇಡ್, ಸ್ನೇಕ್ ಪ್ಲಾಂಟ್, ಮಂಗರವಳ್ಳಿಯಂಥ ಬಹುವಾರ್ಷಿಕ ಗಿಡಗಳು ಹೇಳಿ ಮಾಡಿಸಿದಂತಿವೆ. ಬಿಸಿಲಿಗಿಂತ, ನಾವು ಅಕ್ಕರೆಯಿಂದ ದಿನವೂ ಹನಿಸುವ ನೀರೇ ಇವುಗಳ ಬುಡವನ್ನು ಕೊಳೆಸುವುದು ಹೆಚ್ಚು.

ನಮ್ಮ ಕೆಮ್ಮಣ್ಣನ್ನಷ್ಟೇ ತುಂಬಿದರೆ ಕುಂಡದಲ್ಲಿ ಅದು ಬಿಗಿದುಕೊಳ್ಳುತ್ತದೆ. ಒಂದು ಪಾಲು ಕೆಮ್ಮಣ್ಣಿಗೆ ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ತೇವವಾದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ನಿಲ್ಲದೆ ಉದುರಿದರೆ ಹದ ಬಂದಿದೆ ಎಂದರ್ಥ.

ಗಿಡ ಹಂಚಿಕೊಳ್ಳುವಾಗ ಯಾವ ಭಾಗವನ್ನು ಕೊಡುತ್ತೇವೆ ಎಂಬುದೇ ಮುಖ್ಯ. ಲೋಳೆಸರದ ಎಲೆಯನ್ನು ನೆಟ್ಟರೆ ಅದು ಸಾಮಾನ್ಯವಾಗಿ ಕೊಳೆಯುತ್ತದೆಯಾದ್ದರಿಂದ ಬುಡದ ಮರಿಯನ್ನೇ ಬೇರುಸಹಿತ ಬಿಡಿಸಿ ಕೊಡಬೇಕು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆಯ ತುಂಡು ಚಿಗುರುತ್ತದೆ ನಿಜ, ಆದರೆ ಹೊಸ ಗಿಡದಲ್ಲಿ ಆ ಹಳದಿ ಉಳಿಯುವುದಿಲ್ಲ. ಎದುರು ಮನೆಯ ಅಕ್ಕ ನಾನು ಕೊಟ್ಟ ತುಂಡಿನಲ್ಲಿ ಬರೀ ಹಸಿರು ಎಲೆ ಎದ್ದದ್ದನ್ನು ಕಂಡು, ‘ಬೇರೆ ಯಾವುದೋ ಗಿಡ ಕೊಟ್ಟಿದ್ದೀಯಲ್ಲೇ’ ಎಂದು ಕೇಳಿದ ಮೇಲೆ ನಾನು ಗೆಡ್ಡೆಯನ್ನೇ ಸೀಳಿ ಕೊಡುತ್ತಿದ್ದೇನೆ. ಅಡೇನಿಯಂ ಕಡ್ಡಿಯಿಂದಲೂ ಬರುತ್ತದೆ, ಆದರೆ ಬುಡ ದುಂಡಗೆ ಊದಿಕೊಳ್ಳಬೇಕೆಂದು ಬಯಸುವವರಿಗೆ ಬೀಜದ ಸಸಿಯನ್ನೇ ಕೊಡುವುದು ಮೇಲು. ಕಾಡುಬಸಳೆಯ ಒಂದು ಎಲೆಯನ್ನು ಮಣ್ಣಿನ ಮೇಲೆ ಮಲಗಿಸಿದರೂ ಸಾಕು, ಅಂಚಿನ ಕಚ್ಚುಗಳಲ್ಲಿ ಮರಿಗಳು ತಾವಾಗಿಯೇ ಏಳುತ್ತವೆ.

ಕತ್ತರಿಸಿದ ಕಡ್ಡಿಯನ್ನು ನೆರಳಿನಲ್ಲಿ ನಾಲ್ಕರಿಂದ ಏಳು ದಿನ ಇಟ್ಟು, ಗಾಯದ ಮೇಲೆ ಒಣ ಪೊರೆ ಕಟ್ಟಿದ ನಂತರ ನೆಡಬೇಕು. ನೆಟ್ಟ ಮೇಲೂ ಒಂದು ವಾರ ನೀರು ಬೇಡ. ಅಡೇನಿಯಂನ ರಸ ವಿಷಕಾರಿ, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಕೈಗವಸು ತೊಟ್ಟೇ ಕತ್ತರಿಸಬೇಕು, ಪಡೆಯುವವರಿಗೂ ಇದನ್ನು ತಿಳಿಸಬೇಕು.

ಟೊಮೆಟೊ ಬೆಳೆದ ಹೊಲದ ಮಣ್ಣು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಅದರೊಡನೆ ಗಿಡದ ಬೇರಿನಲ್ಲಿ ಗಂಟು ಕಟ್ಟಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುವೂ ಮನೆ ಸೇರಬಹುದು. ಹಾಗಾಗಿ ಬೇರಿನ ಮಣ್ಣನ್ನು ಪೂರ್ತಿ ಕೊಡವಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಹೆಸರು ಮತ್ತು ಕತ್ತರಿಸಿದ ದಿನಾಂಕ ಬರೆದು ಕೊಡುವುದು ಒಳ್ಳೆಯದು. ಪಡೆದವರು ಹೊಸ ಗಿಡವನ್ನು ಮೂರು ವಾರ ಬೇರೆಯಾಗಿಟ್ಟು, ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಿದ ಮೇಲಷ್ಟೇ ಉಳಿದ ಕುಂಡಗಳ ಸಾಲಿಗೆ ಸೇರಿಸಬೇಕು.